ಒಂದೇ ಅಸಿಟೈಲ್‌ಕೋಲಿನ್, ಎರಡು ಬಗೆಯ ಪರಿಣಾಮ: ನರಕೋಶದೊಳಗಿನ ರಾಸಾಯನಿಕ ದೂತರ ಕೆಲಸವೇನು?

ಪ್ರಶ್ನೆ: ಬಿ.ಎಸ್ಸಿ. ವಿದ್ಯಾರ್ಥಿನಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಷಯಗಳೊಂದಿಗೆ ಪದವಿ ಓದುತ್ತಿದ್ದೇನೆ. ನರಕೋಶಗಳ ನಡುವಿನ ಸಂದೇಶ ರವಾನೆಯ ಬಗ್ಗೆ ನಮ್ಮ ಪಾಠದಲ್ಲಿರುವುದು ಇಷ್ಟು: ವಿದ್ಯುತ್ ಪ್ರಚೋದನೆ ನರತಂತುವಿನ ತುದಿಯನ್ನು ತಲುಪಿದಾಗ ಅಲ್ಲಿನ ಪುಟ್ಟ ಕೋಶಿಕೆಗಳಿಂದ ನರಪ್ರೇಷಕ ಹೊರಬೀಳುತ್ತದೆ, ಸಿನಾಪ್ಸ್‌ನ ಕಿರಿದಾದ ಸಂದನ್ನು ದಾಟಿ ಆಚೆಯ ಕೋಶದ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ, ಆಗ ಅಯಾನು ಚಾನೆಲ್ ತೆರೆದುಕೊಂಡು ಸೋಡಿಯಂ ಒಳನುಗ್ಗಿ ಹೊಸ ಪ್ರಚೋದನೆ ಹುಟ್ಟುತ್ತದೆ. ಇಲ್ಲಿಗೆ ಕೆಲಸ ಮುಗಿಯಿತು ಎಂದು ತಿಳಿದುಕೊಳ್ಳುವಷ್ಟರಲ್ಲಿ ಮುಂದಿನ ಪುಟದಲ್ಲಿ ಸೈಕ್ಲಿಕ್ ಎಎಂಪಿ, ಐಪಿ3, ಡೈಅಸೈಲ್‌ಗ್ಲಿಸರಾಲ್, ಕ್ಯಾಲ್ಸಿಯಂ ಎಂಬ ದ್ವಿತೀಯ ದೂತರ ಪಟ್ಟಿ ಬರುತ್ತದೆ. ಸಾವಿರದ ಒಂದು ಭಾಗ ಸೆಕೆಂಡಿನಲ್ಲಿ ಚಾನೆಲ್ ತೆರೆದು ಸಂದೇಶ ದಾಟಿಬಿಡುವಾಗ, ಕೋಶದೊಳಗೆ ಮತ್ತೊಂದು ರಾಸಾಯನಿಕವನ್ನು ತಯಾರಿಸುವ ಈ ಸುತ್ತುದಾರಿ ಏಕೆ ಬೇಕು ಎಂಬುದು ನನ್ನ ಮೊದಲ ಸಂದೇಹ.

ಎರಡನೆಯದು ನಮ್ಮ ಭಾಗದ ಅನುಭವದಿಂದ ಬಂದದ್ದು. ದ್ರಾಕ್ಷಿ, ಹತ್ತಿ, ತೊಗರಿಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ತಾಗಿ ಆಸ್ಪತ್ರೆ ಸೇರುವವರನ್ನು ಕಂಡಿದ್ದೇವೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಎದೆಯಲ್ಲಿ ಕಫ, ಜೊತೆಗೆ ಮಾಂಸಖಂಡಗಳ ಅದುರುವಿಕೆ ಮತ್ತು ನಿಶ್ಶಕ್ತಿ, ಇವೆಲ್ಲವೂ ಅಸಿಟೈಲ್‌ಕೋಲಿನ್ ಎಂಬ ನರಪ್ರೇಷಕ ಕರಗದೆ ಉಳಿದುಬಿಡುವುದರಿಂದ ಆಗುತ್ತವೆ ಎಂದು ಓದಿದ್ದೇನೆ. ಆದರೆ ಅಟ್ರೋಪಿನ್ ಚುಚ್ಚುಮದ್ದು ಕೊಟ್ಟಾಗ ಜೊಲ್ಲು, ಕಫ ನಿಲ್ಲುತ್ತವೆ, ಮಾಂಸಖಂಡಗಳ ನಿಶ್ಶಕ್ತಿ ಮಾತ್ರ ಹಾಗೆಯೇ ಇರುತ್ತದೆಯಂತೆ. ಕಾರಣವಾದ ರಾಸಾಯನಿಕ ಒಂದೇ ಆಗಿರುವಾಗ ಔಷಧ ಅರ್ಧಕ್ಕೆ ಮಾತ್ರ ಏಕೆ ನಾಟುತ್ತದೆ? ಈ ಎರಡೂ ಸಂದೇಹಗಳಿಗೆ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಜೀವಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ

ನಿಮ್ಮ ಎರಡು ಸಂದೇಹಗಳ ಬೇರು ಒಂದೇ. ನರಪ್ರೇಷಕಕ್ಕೆ ತನ್ನದೇ ಆದ ಅರ್ಥವಿಲ್ಲ. ಅದನ್ನು ಹಿಡಿದುಕೊಳ್ಳುವ ಗ್ರಾಹಕ ಯಾವುದು ಮತ್ತು ಆ ಗ್ರಾಹಕದ ಹಿಂದೆ ಕೋಶದೊಳಗೆ ಏನು ಜೋಡಣೆಯಾಗಿದೆ ಎಂಬುದರ ಮೇಲೆ ಪರಿಣಾಮ ನಿಂತಿದೆ. ಅಸಿಟೈಲ್‌ಕೋಲಿನ್‌ಗೆ ಎರಡು ಬಗೆಯ ಗ್ರಾಹಕಗಳಿವೆ. ನಿಕೋಟಿನಿಕ್ ಗ್ರಾಹಕವೆಂದರೆ ಅದೇ ಒಂದು ಅಯಾನು ಚಾನೆಲ್. ಅಸಿಟೈಲ್‌ಕೋಲಿನ್ ಬಂದು ಕೂತೊಡನೆ ನಡುವಿನ ರಂಧ್ರ ತೆರೆಯುತ್ತದೆ, ಎದ್ದೊಡನೆ ಮುಚ್ಚುತ್ತದೆ. ಮಸ್ಕರಿನಿಕ್ ಗ್ರಾಹಕದಲ್ಲಿ ಅಂತಹ ರಂಧ್ರವೇ ಇಲ್ಲ. ಕೋಶಪೊರೆಯನ್ನು ಏಳು ಸಲ ಹಾದುಹೋಗಿ ಒಳಮೈಗೆ ಚಾಚಿಕೊಂಡಿರುವ ಆ ಪ್ರೋಟೀನು, ಹೊರಗಡೆ ಅಸಿಟೈಲ್‌ಕೋಲಿನ್ ಕೂತಾಗ ತನ್ನ ಆಕಾರವನ್ನು ತುಸು ಬದಲಿಸಿ, ಒಳಮಗ್ಗುಲಿನ ಜಿ-ಪ್ರೋಟೀನನ್ನು ಎಚ್ಚರಿಸುತ್ತದೆ. ಮುಂದಿನ ಕೆಲಸವೆಲ್ಲ ಆ ಜಿ-ಪ್ರೋಟೀನು ಮತ್ತು ಅದು ಹುಟ್ಟಿಸುವ ದೂತರದ್ದು.

ಎರಡೂ ಗ್ರಾಹಕಗಳು ಒಂದೇ ಕೋಶದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಕಪ್ಪೆಯ ಬೆನ್ನುಮೂಳೆಯ ಪಕ್ಕದ ಅನುವೇದನಾ (ಸಿಂಪಥೆಟಿಕ್) ನರಗಂಟುಗಳಲ್ಲಿ ಸೊಗಸಾಗಿ ಅಳೆದಿದ್ದಾರೆ. ಅಲ್ಲಿಗೆ ಬರುವ ನರವನ್ನು ಪ್ರಚೋದಿಸಿದಾಗ ಮೊದಲು ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಏರಿ ಇಳಿಯುವ ವಿದ್ಯುತ್ ಅಲೆ ಕಾಣುತ್ತದೆ. ಇದು ನಿಕೋಟಿನಿಕ್ ಗ್ರಾಹಕದ ಫಲ. ನರವನ್ನು ಒಂದಿಷ್ಟು ಸಲ ಬೆನ್ನುಬೆನ್ನಿಗೆ ಪ್ರಚೋದಿಸಿದರೆ, ತುಸು ತಡವಾಗಿ, ಹಲವು ಸೆಕೆಂಡುಗಳವರೆಗೆ ಉಳಿಯುವ ಮತ್ತೊಂದು ನಿಧಾನವಾದ ಅಲೆ ಏಳುತ್ತದೆ. ಇದು ಅದೇ ಅಸಿಟೈಲ್‌ಕೋಲಿನ್ ಮಸ್ಕರಿನಿಕ್ ಗ್ರಾಹಕದ ಮೂಲಕ ಮಾಡಿದ ಕೆಲಸ. ಈ ಎರಡನೆಯ ಅಲೆಯಲ್ಲಿ ಹೊಸ ಚಾನೆಲ್ ತೆರೆಯುವುದಿಲ್ಲ. ಕೋಶವನ್ನು ಶಾಂತವಾಗಿರಿಸುವ ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್, ಒಳಗಿನ ಸಂದೇಶದಿಂದಾಗಿ ಮುಚ್ಚಿಕೊಳ್ಳುತ್ತದೆ. ಪರಿಣಾಮವಾಗಿ, ಮೊದಲು ಒಂದೇ ಒಂದು ಪ್ರಚೋದನೆಯನ್ನು ಹೊರಡಿಸಿ ಸುಮ್ಮನಾಗುತ್ತಿದ್ದ ನರಕೋಶ, ಈಗ ಅದೇ ಪ್ರಮಾಣದ ಚೋದನೆಗೆ ಸಾಲುಸಾಲಾಗಿ ಪ್ರಚೋದನೆಗಳನ್ನು ಹೊರಡಿಸುತ್ತದೆ. ವೇಗದ ದಾರಿ ಸಂದೇಶವನ್ನು ದಾಟಿಸುತ್ತದೆ; ದೂತರ ದಾರಿ, ಮುಂದೆ ಬರಲಿರುವ ಸಂದೇಶಗಳಿಗೆ ಕೋಶ ಹೇಗೆ ಸ್ಪಂದಿಸಬೇಕೆಂಬುದನ್ನೇ ಬದಲಿಸುತ್ತದೆ. ನಿಮ್ಮ ‘ಏಕೆ ಬೇಕು’ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ.

ದೂತರ ಕಲ್ಪನೆ ಹುಟ್ಟಿದ್ದು ನರಕೋಶದಲ್ಲಿ ಅಲ್ಲ, ಯಕೃತ್ತಿನಲ್ಲಿ. ಅಡ್ರಿನಲಿನ್ ಸೋಂಕಿದಾಗ ಯಕೃತ್ತು ಗ್ಲೈಕೋಜನ್ ಒಡೆದು ಸಕ್ಕರೆ ಬಿಡುವುದು ಹೇಗೆ ಎಂಬುದನ್ನು ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಮತ್ತು ಥಿಯೊಡೋರ್ ರಾಲ್ 1950ರ ದಶಕದಲ್ಲಿ ಪರೀಕ್ಷಿಸುತ್ತಿದ್ದರು. ಯಕೃತ್ತನ್ನು ಅರೆದು, ಕೋಶಪೊರೆಯ ಚೂರುಗಳಿರುವ ಭಾಗವನ್ನು ಬೇರ್ಪಡಿಸಿ, ಅದಕ್ಕೆ ಎಟಿಪಿ ಮತ್ತು ಅಡ್ರಿನಲಿನ್ ಸೇರಿಸಿದರು. ಆ ಮಿಶ್ರಣವನ್ನು ಕಾಯಿಸಿ ಪ್ರೋಟೀನುಗಳನ್ನೆಲ್ಲ ಕೆಡಿಸಿದ ಮೇಲೂ ಉಳಿದ ತಿಳಿದ್ರವವನ್ನು ಪೊರೆಯಿಲ್ಲದ ಇನ್ನೊಂದು ಭಾಗಕ್ಕೆ ಹಾಕಿದಾಗ ಗ್ಲೈಕೋಜನ್ ಒಡೆಯುವ ಕಿಣ್ವ ಚುರುಕಾಯಿತು. ಅಂದರೆ ಪೊರೆಯ ಬಳಿ ಶಾಖಕ್ಕೆ ಕೆಡದ ಒಂದು ಸಣ್ಣ ಅಣು ತಯಾರಾಗಿತ್ತು. ಅಡ್ರಿನಲಿನ್ ಒಳಗೆ ಹೋಗುವ ಅಗತ್ಯವೇ ಇರಲಿಲ್ಲ. ಆ ಅಣುವೇ ಸೈಕ್ಲಿಕ್ ಎಎಂಪಿ. ಈ ಕೆಲಸಕ್ಕಾಗಿ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು; ಗ್ರಾಹಕ ಮತ್ತು ಕಿಣ್ವದ ನಡುವಿನ ಜಿ-ಪ್ರೋಟೀನನ್ನು ಕಂಡುಕೊಂಡ ಆಲ್‌ಫ್ರೆಡ್ ಗಿಲ್‌ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್ ಅವರಿಗೆ 1994ರಲ್ಲಿ ಬಂತು. ಅಷ್ಟು ಸರಳವಾದ ಕಾಯಿಸುವ ಪ್ರಯೋಗದಿಂದ ಇಷ್ಟು ದೊಡ್ಡ ಸಂಗತಿ ಹೊರಬಿದ್ದದ್ದು ನನಗೆ ಪ್ರತಿ ವರ್ಷ ಪಾಠ ಮಾಡುವಾಗಲೂ ಬೆರಗು ಹುಟ್ಟಿಸುತ್ತದೆ.

ನರಕೋಶದಲ್ಲೂ ಕ್ರಮ ಅದೇ. ಡೋಪಮಿನ್ ಅಥವಾ ಸಿರೊಟೋನಿನ್ ತಕ್ಕ ಗ್ರಾಹಕಕ್ಕೆ ಅಂಟಿದಾಗ ಜಿ-ಪ್ರೋಟೀನು ಅಡೆನೈಲಿಲ್ ಸೈಕ್ಲೇಸ್ ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವ ಎಟಿಪಿಯಿಂದ ಎರಡು ಫಾಸ್ಫೇಟುಗಳನ್ನು ಕಳಚಿ, ಉಳಿದ ಒಂದನ್ನು ಉಂಗುರವಾಗಿ ಮಡಚಿ ಸೈಕ್ಲಿಕ್ ಎಎಂಪಿ ಮಾಡುತ್ತದೆ. ಅದು ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವದ ಹಿಡಿತದ ಭಾಗಕ್ಕೆ ಅಂಟಿ, ಕೆಲಸದ ಭಾಗವನ್ನು ಬಿಡಿಸುತ್ತದೆ. ಬಿಡುಗಡೆಯಾದ ಕೈನೇಸು ಚಾನೆಲ್‌ಗಳಿಗೆ, ಗ್ರಾಹಕಗಳಿಗೆ, ಇತರ ಕಿಣ್ವಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ನಡವಳಿಕೆಯನ್ನು ಬದಲಿಸುತ್ತದೆ. ಒಂದು ಗ್ರಾಹಕ ಹಲವು ಜಿ-ಪ್ರೋಟೀನುಗಳನ್ನು, ಒಂದು ಸೈಕ್ಲೇಸು ಅನೇಕ ಸೈಕ್ಲಿಕ್ ಎಎಂಪಿ ಅಣುಗಳನ್ನು, ಒಂದು ಕೈನೇಸು ನೂರಾರು ಪ್ರೋಟೀನುಗಳನ್ನು ಮುಟ್ಟಬಲ್ಲದಾದ್ದರಿಂದ ಹೊರಗಿನ ಸಣ್ಣ ಸಂದೇಶ ಒಳಗೆ ಹೋಗುತ್ತ ಹೋಗುತ್ತ ದೊಡ್ಡದಾಗುತ್ತದೆ.

ಉತ್ತರ: ವೈದ್ಯ, ಬೆಳಗಾವಿ

ಉಪನ್ಯಾಸಕರು ಹೇಳಿದ ತತ್ತ್ವವನ್ನು ವಾರ್ಡಿನಲ್ಲಿ ಕಣ್ಣಾರೆ ಕಾಣಬಹುದು. ಆರ್ಗನೋಫಾಸ್ಫೇಟ್ ಕೀಟನಾಶಕವು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವಕ್ಕೆ ಅಂಟಿ ಅದನ್ನು ಕೆಡಿಸುತ್ತದೆ. ಆಗ ಅಸಿಟೈಲ್‌ಕೋಲಿನ್ ಒಡೆಯದೆ ಎಲ್ಲ ನರಸಂಧಿಗಳಲ್ಲೂ ತುಂಬಿಕೊಳ್ಳುತ್ತದೆ.

ಜೊಲ್ಲುಗ್ರಂಥಿ, ಕಣ್ಣೀರಿನ ಗ್ರಂಥಿ, ಶ್ವಾಸನಾಳ, ಕಣ್ಣಿನ ಪಾಪೆ, ಕರುಳು, ಇಲ್ಲೆಲ್ಲ ಇರುವುದು ಮಸ್ಕರಿನಿಕ್ ಗ್ರಾಹಕಗಳು. ಗ್ರಂಥಿಯಲ್ಲಿ ಆ ಗ್ರಾಹಕದ ಹಿಂದಿರುವ ಜಿ-ಪ್ರೋಟೀನು ಫಾಸ್ಫೋಲಿಪೇಸ್-ಸಿ ಕಿಣ್ವವನ್ನು ಎಬ್ಬಿಸುತ್ತದೆ. ಅದು ಕೋಶಪೊರೆಯಲ್ಲೇ ಇರುವ ಒಂದು ಕೊಬ್ಬಿನ ಅಣುವನ್ನು ಸೀಳಿ ಐಪಿ3 ಮತ್ತು ಡೈಅಸೈಲ್‌ಗ್ಲಿಸರಾಲ್ ಎಂಬ ಎರಡು ದೂತರನ್ನು ಹುಟ್ಟಿಸುತ್ತದೆ. ಐಪಿ3 ನೀರಿನಲ್ಲಿ ಕರಗಿ ಕೋಶದ ಒಳಗೆ ಸಾಗಿ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಹೊರಬರುವಂತೆ ಮಾಡುತ್ತದೆ. ಡೈಅಸೈಲ್‌ಗ್ಲಿಸರಾಲ್ ಪೊರೆಯಲ್ಲೇ ಉಳಿದು ಪ್ರೋಟೀನ್ ಕೈನೇಸ್-ಸಿ ಕಿಣ್ವವನ್ನು ಕರೆಯುತ್ತದೆ. ಏರಿದ ಕ್ಯಾಲ್ಸಿಯಂ ಕ್ಲೋರೈಡ್ ಚಾನೆಲ್‌ಗಳನ್ನು ತೆರೆಸುತ್ತದೆ, ಉಪ್ಪಿನ ಹಿಂದೆ ನೀರು ಹೊರಡುತ್ತದೆ, ಬಾಯಲ್ಲಿ ಜೊಲ್ಲು ತುಂಬುತ್ತದೆ. ಶ್ವಾಸನಾಳದ ಸ್ನಾಯುವಿನಲ್ಲಿ ಅದೇ ಕ್ಯಾಲ್ಸಿಯಂ ಸಂಕೋಚನವನ್ನು ಉಂಟುಮಾಡಿ ಉಸಿರಿನ ದಾರಿಯನ್ನು ಕಿರಿದಾಗಿಸುತ್ತದೆ. ಹೃದಯದಲ್ಲಿರುವ ಮಸ್ಕರಿನಿಕ್ ಗ್ರಾಹಕ ಇನ್ನೊಂದು ಜಾತಿಯದು: ಅದರ ಜಿ-ಪ್ರೋಟೀನು ಸೈಕ್ಲಿಕ್ ಎಎಂಪಿಯನ್ನು ತಗ್ಗಿಸುತ್ತದೆ, ಅಲ್ಲದೆ ಅದರದೇ ಒಂದು ತುಂಡು ನೇರವಾಗಿ ಹೋಗಿ ಪೊಟ್ಯಾಸಿಯಂ ಚಾನೆಲ್ ತೆರೆಸುತ್ತದೆ, ನಾಡಿ ನಿಧಾನವಾಗುತ್ತದೆ.

ಕೈಕಾಲಿನ ಮತ್ತು ಉಸಿರಾಟದ ಮಾಂಸಖಂಡಗಳಲ್ಲಿ ಇರುವುದು ನಿಕೋಟಿನಿಕ್ ಗ್ರಾಹಕ. ಅಲ್ಲಿ ನಡುವೆ ಯಾವ ದೂತನೂ ಇಲ್ಲ. ಅಸಿಟೈಲ್‌ಕೋಲಿನ್ ಬಿಡದೆ ಕೂತಿದ್ದರೆ ಸ್ನಾಯು ಮೊದಲು ಅದುರುತ್ತದೆ, ಆಮೇಲೆ ಸ್ಪಂದಿಸುವುದನ್ನೇ ನಿಲ್ಲಿಸುತ್ತದೆ. ಅಟ್ರೋಪಿನ್ ಕೂರುವುದು ಮಸ್ಕರಿನಿಕ್ ಗ್ರಾಹಕದ ಮೇಲೆ ಮಾತ್ರ. ಆದ್ದರಿಂದಲೇ ಎದೆಯ ಕಫ ಆರುವವರೆಗೆ, ನಾಡಿ ಮತ್ತು ರಕ್ತದೊತ್ತಡ ಸರಿಯಾಗುವವರೆಗೆ ಅದನ್ನು ಮತ್ತೆ ಮತ್ತೆ ಕೊಡುತ್ತೇವೆ, ಆದರೆ ಸ್ನಾಯುಗಳ ಬಲಹೀನತೆಗೆ ಅದರಿಂದ ಪ್ರಯೋಜನವಿಲ್ಲ. ಉಸಿರಾಟದ ಸ್ನಾಯುಗಳು ಸೋತರೆ ವೆಂಟಿಲೇಟರ್ ಒಂದೇ ಆಸರೆ. ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧ ಕಿಣ್ವದಿಂದ ವಿಷವನ್ನು ಬಿಡಿಸುತ್ತದೆ, ಆದರೆ ತಡವಾದಷ್ಟೂ ವಿಷ ಮತ್ತು ಕಿಣ್ವದ ಬಂಧ ಬಿಡಿಸಲಾರದಂತೆ ಗಟ್ಟಿಯಾಗುತ್ತದೆ. ರೋಗಿಗೆ ಅದರಿಂದ ಎಷ್ಟು ಲಾಭ ಎಂಬುದರಲ್ಲಿ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ.

ಇದನ್ನು ಓದುವ ರೈತ ಕುಟುಂಬದವರಿಗೆ ಒಂದು ಮಾತು: ಎಣ್ಣೆ ಮೈಮೇಲೆ ಬಿದ್ದರೆ ತೊಟ್ಟ ಬಟ್ಟೆಯನ್ನು ಕೂಡಲೇ ತೆಗೆದು, ಸಾಬೂನು ಹಚ್ಚಿ ಧಾರಾಳವಾಗಿ ನೀರಿನಿಂದ ತೊಳೆದು, ಔಷಧದ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಬನ್ನಿ. ಡಬ್ಬಿಯ ಮೇಲಿನ ಹೆಸರು ನಮಗೆ ಚಿಕಿತ್ಸೆಯಲ್ಲಿ ಬಹಳ ನೆರವಾಗುತ್ತದೆ.

ಮರುಪ್ರಶ್ನೆ: ವಿದ್ಯಾರ್ಥಿನಿ, ವಿಜಯಪುರ

ಗುರುಗಳಿಗೂ ಡಾಕ್ಟರ್ ಅವರಿಗೂ ಅನಂತ ಧನ್ಯವಾದಗಳು. ಅಟ್ರೋಪಿನ್ ವಿಷಯ ಸ್ಪಷ್ಟವಾಯಿತು. ಒಂದು ಮಾತು ಇನ್ನೂ ಕಾಡುತ್ತಿದೆ. ಒಂದು ನರಕೋಶದ ಮೇಲೆ ಸಾವಿರಾರು ಸಿನಾಪ್ಸ್‌ಗಳಿರುತ್ತವೆ ಎನ್ನುತ್ತಾರೆ. ದೂತರು ಕರಗಿ ಹರಡುವ ಸಣ್ಣ ಅಣುಗಳಾದರೆ, ಒಂದು ಸಿನಾಪ್ಸ್‌ನಲ್ಲಿ ಹುಟ್ಟಿದ ದೂತ ಪಕ್ಕದ ಸಿನಾಪ್ಸ್‌ಗೂ ಹೋಗಿ ಗೊಂದಲ ಮಾಡುವುದಿಲ್ಲವೇ? ಹಾಗೆಯೇ, ಸೆಕೆಂಡುಗಳಲ್ಲಿ ಮುಗಿಯುವ ದೂತರು ವರ್ಷಗಟ್ಟಲೆ ಉಳಿಯುವ ನೆನಪಿಗೆ ಕಾರಣವಾಗುವುದು ಹೇಗೆ?

ಉತ್ತರ: ನರವಿಜ್ಞಾನ ಸಂಶೋಧನಾ ವಿದ್ಯಾರ್ಥಿ, ಮೂಲತಃ ಜಮಖಂಡಿ

ಬಹಳ ಒಳ್ಳೆಯ ಪ್ರಶ್ನೆ. ಈ ಕ್ಷೇತ್ರದ ಹೆಚ್ಚಿನ ಕೆಲಸ ಇದರ ಸುತ್ತಲೇ ನಡೆದಿದೆ. ಕ್ಯಾಲ್ಸಿಯಂನಿಂದ ಆರಂಭಿಸುತ್ತೇನೆ, ಏಕೆಂದರೆ ಸ್ಥಳದ ಮಹತ್ವ ಅದರಲ್ಲಿ ಎದ್ದು ಕಾಣುತ್ತದೆ.

ನರಕೋಶದ ಹೊರಗೆ ಕ್ಯಾಲ್ಸಿಯಂ ಸುಮಾರು ಒಂದರಿಂದ ಎರಡು ಮಿಲಿಮೋಲಾರ್‌ನಷ್ಟಿದ್ದರೆ, ಶಾಂತವಾಗಿರುವ ಕೋಶದ ಒಳಗೆ ಮುಕ್ತ ಕ್ಯಾಲ್ಸಿಯಂ ಸುಮಾರು 0.1 ಮೈಕ್ರೋಮೋಲಾರ್ ಮಾತ್ರ. ಅಂದರೆ ಹತ್ತು ಸಾವಿರ ಪಟ್ಟಿಗೂ ಮಿಗಿಲಾದ ವ್ಯತ್ಯಾಸ. ಆಲಮಟ್ಟಿಯ ಹಿನ್ನೀರು ತುಂಬಿ ನಿಂತಾಗ ಒಂದು ಗೇಟನ್ನು ತುಸುವೇ ಎತ್ತಿದರೂ ಕೆಳಗಿನ ಹೊಳೆಯ ಮಟ್ಟ ಥಟ್ಟನೆ ಏರುವಂತೆ, ಕೆಲವೇ ಚಾನೆಲ್‌ಗಳು ಕ್ಷಣಕಾಲ ತೆರೆದರೂ ಒಳಗಿನ ಮಟ್ಟ ಎದ್ದು ಕಾಣುವಷ್ಟು ಏರುತ್ತದೆ. ಹೀಗೆ ಕಡಿಮೆ ಮಟ್ಟವನ್ನು ಕಾಯ್ದುಕೊಳ್ಳಲು ಕೋಶದ ಪಂಪುಗಳು ಸದಾ ಶಕ್ತಿ ವ್ಯಯಿಸುತ್ತಲೇ ಇರಬೇಕು. ಈಗ ಒಂದು ಲೆಕ್ಕ ಮಾಡಿ ನೋಡಿ. ಮಿದುಳಿನ ಅನೇಕ ಸಿನಾಪ್ಸ್‌ಗಳು ಗ್ರಾಹಕ ಕೋಶದ ಕವಲಿನ ಮೇಲೆ ಮುಳ್ಳಿನಂತೆ ಎದ್ದಿರುವ ಪುಟ್ಟ ಉಬ್ಬುಗಳ ಮೇಲಿವೆ. ಅಂತಹ ಒಂದು ಉಬ್ಬಿನ ಗಾತ್ರ ಸುಮಾರು 0.1 ಘನ ಮೈಕ್ರೋಮೀಟರ್ ಎಂದಿಟ್ಟುಕೊಂಡರೆ, 0.1 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಅದರೊಳಗೆ ಇರುವ ಮುಕ್ತ ಕ್ಯಾಲ್ಸಿಯಂ ಅಯಾನುಗಳು ಹೆಚ್ಚುಕಡಿಮೆ ಆರು! ಅವೊಗಾಡ್ರೋ ಸಂಖ್ಯೆಯಿಂದ ನೀವೇ ಗುಣಿಸಿ ನೋಡಬಹುದು. ಆರು ಅಯಾನುಗಳಿದ್ದ ಜಾಗಕ್ಕೆ ನೂರಾರು ಬಂದಾಗ ಅದು ಅಲ್ಲಿ ದೊಡ್ಡ ಘಟನೆ. ಆ ಉಬ್ಬಿಗೂ ಕವಲಿಗೂ ನಡುವಿನ ಕತ್ತು ತೀರಾ ಕಿರಿದು. ಒಳಗೆ ಬಂದ ಕ್ಯಾಲ್ಸಿಯಂ ಅನ್ನು ಅಲ್ಲಿನ ಪ್ರೋಟೀನುಗಳು ಕೂಡಲೇ ಹಿಡಿದುಕೊಳ್ಳುತ್ತವೆ, ಪಂಪುಗಳು ಹೊರಹಾಕುತ್ತವೆ. ಹೀಗಾಗಿ ಪಕ್ಕದ ಉಬ್ಬಿಗೆ ಸುದ್ದಿ ಮುಟ್ಟುವುದೇ ಅಪರೂಪ.

ದೂತರೆಲ್ಲ ನಿಧಾನ ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ನರತಂತುವಿನ ತುದಿಯಲ್ಲಿ ನರಪ್ರೇಷಕದ ಕೋಶಿಕೆಗಳು ಬಿಚ್ಚಿಕೊಳ್ಳುವುದೂ ಕ್ಯಾಲ್ಸಿಯಂನಿಂದಲೇ. ಅಲ್ಲಿ ಚಾನೆಲ್‌ನ ಬಾಯಿಗೆ ಅಂಟಿಕೊಂಡಂತೆ ಕೋಶಿಕೆ ಕಾದು ನಿಂತಿರುತ್ತದೆ, ಅದರ ಮೇಲಿನ ಸಿನಾಪ್ಟೋಟ್ಯಾಗ್ಮಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿದ ಮೇಲೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಕೋಶಿಕೆ ತೆರೆದುಕೊಳ್ಳುತ್ತದೆ. ದೂರ ಕಡಿಮೆಯಾದರೆ ದೂತನೂ ಚುರುಕಾಗುತ್ತಾನೆ.

ಸೈಕ್ಲಿಕ್ ಎಎಂಪಿ ಕ್ಯಾಲ್ಸಿಯಂನಷ್ಟು ಬೇಗ ಹಿಡಿತಕ್ಕೆ ಸಿಗುವುದಿಲ್ಲ, ಹೆಚ್ಚು ದೂರ ಹರಡಬಲ್ಲದು. ಅದಕ್ಕೆ ಕೋಶ ಬೇರೆ ಉಪಾಯ ಮಾಡಿಕೊಂಡಿದೆ: ಪ್ರೋಟೀನ್ ಕೈನೇಸ್-ಎಯನ್ನು ಅದು ಕೆಲಸ ಮಾಡಬೇಕಾದ ಚಾನೆಲ್ ಅಥವಾ ಗ್ರಾಹಕದ ಪಕ್ಕದಲ್ಲೇ ಕಟ್ಟಿಹಾಕುವ ಲಂಗರಿನ ಪ್ರೋಟೀನುಗಳಿವೆ, ಅದೇ ಲಂಗರಿಗೆ ಹಲವೆಡೆ ಫಾಸ್ಫೊಡೈಎಸ್ಟರೇಸ್ ಕಿಣ್ವವೂ ಕಟ್ಟಿಕೊಂಡಿರುತ್ತದೆ. ಈ ಕಿಣ್ವ ಸೈಕ್ಲಿಕ್ ಎಎಂಪಿಯ ಉಂಗುರವನ್ನು ಬಿಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಹುಟ್ಟಿಸುವವನೂ ಅಳಿಸುವವನೂ ಓದುವವನೂ ಒಂದೇ ಜಾಗದಲ್ಲಿರುವುದರಿಂದ ಸಂದೇಶ ಅಲ್ಲಲ್ಲಿಗೇ ಸೀಮಿತವಾಗುತ್ತದೆ. ನೈಟ್ರಿಕ್ ಆಕ್ಸೈಡ್ ಮಾತ್ರ ಅನಿಲವಾದ್ದರಿಂದ ಪೊರೆಗಳನ್ನು ಲೆಕ್ಕಿಸದೆ ನೆರೆಯ ಕೋಶಗಳಿಗೂ ಹೋಗುತ್ತದೆ. ಅದರ ಆಯುಷ್ಯ ಕಿರಿದಾಗಿರುವುದೇ ಅಲ್ಲಿ ಎಲ್ಲೆ.

ಇನ್ನು ನೆನಪಿನ ವಿಷಯ. 1973ರಲ್ಲಿ ಟಿಮೊಥಿ ಬ್ಲಿಸ್ ಮತ್ತು ಟೆರ್ಯೆ ಲೋಮೋ ಅವರು ಮೊಲದ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ, ನರಗಳನ್ನು ಸ್ವಲ್ಪ ಹೊತ್ತು ವೇಗವಾಗಿ ಪ್ರಚೋದಿಸಿದರೆ ಅಲ್ಲಿನ ಸಿನಾಪ್ಸ್‌ಗಳು ಗಂಟೆಗಟ್ಟಲೆ ಬಲವಾಗಿ ಉಳಿಯುತ್ತವೆ ಎಂದು ತೋರಿಸಿದರು. ಅಂತಹ ಸಿನಾಪ್ಸ್‌ಗಳಲ್ಲಿ ಗ್ಲುಟಮೇಟ್ ಎಂಬ ನರಪ್ರೇಷಕದ ಎನ್‌ಎಂಡಿಎ ಗ್ರಾಹಕವಿದೆ. ಅದರ ರಂಧ್ರವನ್ನು ಸಾಮಾನ್ಯವಾಗಿ ಒಂದು ಮೆಗ್ನೀಸಿಯಂ ಅಯಾನು ಮುಚ್ಚಿಕೊಂಡಿರುತ್ತದೆ. ಗ್ಲುಟಮೇಟ್ ಬಂದಿರಬೇಕು, ಅದೇ ಹೊತ್ತಿಗೆ ಕೋಶವೂ ಪ್ರಚೋದಿತವಾಗಿರಬೇಕು, ಆಗ ಮಾತ್ರ ಮೆಗ್ನೀಸಿಯಂ ಸರಿದು ಕ್ಯಾಲ್ಸಿಯಂ ಒಳಬರುತ್ತದೆ. ಹಾಗೆ ಬಂದ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಪ್ರೋಟೀನಿನ ಮೂಲಕ ಕ್ಯಾಮ್‌ಕೈನೇಸ್-2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಈ ಕಿಣ್ವದ ವಿಶೇಷವೆಂದರೆ ಅದರ ತುಂಡುಗಳು ಪರಸ್ಪರ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ, ಹಾಗೆ ಅಂಟಿಸಿಕೊಂಡ ಮೇಲೆ ಕ್ಯಾಲ್ಸಿಯಂ ಇಳಿದುಹೋದರೂ ಕಿಣ್ವ ಕೆಲಕಾಲ ಚುರುಕಾಗಿಯೇ ಇರುತ್ತದೆ. ದೂತ ಹೊರಟುಹೋದ, ಅವನು ಬಂದುಹೋದ ಗುರುತು ಉಳಿಯಿತು.

ಇನ್ನೂ ದೀರ್ಘಕಾಲದ ಗುರುತು ಬೇಕಾದರೆ ಸಂದೇಶ ಕೋಶಕೇಂದ್ರಕ್ಕೆ ಮುಟ್ಟಬೇಕು. ಎರಿಕ್ ಕ್ಯಾಂಡೆಲ್ ಅವರು ಅಪ್ಲೀಸಿಯಾ ಎಂಬ ಸಮುದ್ರದ ಮೃದ್ವಂಗಿಯಲ್ಲಿ ಇದನ್ನು ಹಂತಹಂತವಾಗಿ ಬಿಡಿಸಿ ತೋರಿಸಿದರು. ಅದರ ಬಾಲಕ್ಕೆ ಒಮ್ಮೆ ಶಾಕ್ ಕೊಟ್ಟರೆ ಸಿರೊಟೋನಿನ್ ಬಿಡುಗಡೆಯಾಗಿ ಸಂವೇದನಾ ನರಕೋಶದಲ್ಲಿ ಸೈಕ್ಲಿಕ್ ಎಎಂಪಿ ಏರುತ್ತದೆ, ಕೈನೇಸು ಪೊಟ್ಯಾಸಿಯಂ ಚಾನೆಲ್‌ಗಳನ್ನು ಮುಚ್ಚಿಸುತ್ತದೆ, ಪ್ರಚೋದನೆ ತುಸು ದೀರ್ಘವಾಗಿ ಹೆಚ್ಚು ಕ್ಯಾಲ್ಸಿಯಂ ಒಳಬಂದು ಹೆಚ್ಚು ನರಪ್ರೇಷಕ ಹೊರಬೀಳುತ್ತದೆ. ಆಮೇಲೆ ಮೈಯನ್ನು ಹಗುರವಾಗಿ ಮುಟ್ಟಿದರೂ ಪ್ರಾಣಿ ಕಿವಿರನ್ನು ಜೋರಾಗಿ ಒಳಗೆಳೆದುಕೊಳ್ಳುತ್ತದೆ. ಈ ಪರಿಣಾಮ ನಿಮಿಷಗಳಲ್ಲಿ ಮಾಸುತ್ತದೆ. ಬಿಡುವು ಕೊಟ್ಟು ಹಲವು ಸಲ ಶಾಕ್ ಕೊಟ್ಟಾಗ ಮಾತ್ರ ಕೈನೇಸು ಕೋಶಕೇಂದ್ರವನ್ನು ಹೊಕ್ಕು ಕ್ರೆಬ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಕೆಲವು ಜೀನ್‌ಗಳು ಚಾಲೂ ಆಗುತ್ತವೆ, ಹೊಸ ಸಿನಾಪ್ಸ್‌ಗಳೇ ಬೆಳೆಯುತ್ತವೆ. ಆಗ ಪರಿಣಾಮ ದಿನಗಟ್ಟಲೆ ಉಳಿಯುತ್ತದೆ. ಕ್ಯಾಂಡೆಲ್, ಪಾಲ್ ಗ್ರೀನ್‌ಗಾರ್ಡ್ ಮತ್ತು ಅರ್ವಿಡ್ ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಹಂಚಿಕೆಯಾಯಿತು. ಡೋಪಮಿನ್‌ನ ಹಿಂದೆ ನಡೆಯುವ ಫಾಸ್ಫೇಟ್ ಅಂಟಿಸುವ ಕ್ರಿಯೆಯನ್ನು ಹೊರಗೆಳೆದವರು ಗ್ರೀನ್‌ಗಾರ್ಡ್.

ಪ್ರತಿಕ್ರಿಯೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಗೋಕಾಕ

ಚರ್ಚೆ ತುಂಬ ಉಪಯುಕ್ತವಾಗಿದೆ. ಚಹಾ, ಕಾಫಿಯಲ್ಲಿನ ಕೆಫೀನ್ ಫಾಸ್ಫೊಡೈಎಸ್ಟರೇಸ್ ಕಿಣ್ವವನ್ನು ತಡೆದು ಸೈಕ್ಲಿಕ್ ಎಎಂಪಿಯನ್ನು ಏರಿಸುವುದರಿಂದಲೇ ನಿದ್ದೆ ಹೋಗುತ್ತದೆ ಎಂದು ಕೆಲವು ಪುಸ್ತಕಗಳಲ್ಲಿ ಓದಿದ್ದೇನೆ. ಮಕ್ಕಳಿಗೆ ಹಾಗೆ ಹೇಳಬಹುದೇ?

ಉತ್ತರ: ಜೀವಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ

ಹೇಳದಿರುವುದು ಒಳ್ಳೆಯದು, ಮೇಡಂ. ಪ್ರಯೋಗಾಲಯದಲ್ಲಿ ಹೆಚ್ಚು ಸಾಂದ್ರತೆಯ ಕೆಫೀನ್ ಹಾಕಿದಾಗ ಆ ಕಿಣ್ವ ತಡೆಗೊಳ್ಳುವುದು ನಿಜ. ಆದರೆ ಒಂದೆರಡು ಕಪ್ ಚಹಾ ಕುಡಿದಾಗ ಮಿದುಳಿಗೆ ತಲುಪುವ ಪ್ರಮಾಣ ಅದಕ್ಕೆ ಸಾಲದು. ಆ ಪ್ರಮಾಣದಲ್ಲಿ ಕೆಫೀನ್ ಮಾಡುವ ಮುಖ್ಯ ಕೆಲಸವೆಂದರೆ ಅಡೆನೊಸಿನ್‌ನ ಗ್ರಾಹಕಗಳ ಮೇಲೆ ತಾನು ಕೂತು ಅಡೆನೊಸಿನ್‌ಗೆ ಜಾಗ ಕೊಡದಿರುವುದು. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಸೇರಿಕೊಳ್ಳುತ್ತ ಹೋಗಿ ನಿದ್ದೆಯ ಒತ್ತಡ ಹೆಚ್ಚಿಸುತ್ತದೆ. ಆ ಸಂದೇಶ ಒಳಗೆ ಮುಟ್ಟದಂತೆ ಕೆಫೀನ್ ತಡೆಯುತ್ತದೆ. ಅಡೆನೊಸಿನ್‌ನ ಎ1 ಗ್ರಾಹಕ ಸೈಕ್ಲಿಕ್ ಎಎಂಪಿಯನ್ನು ತಗ್ಗಿಸುವಂತಹದು, ಎ2ಎ ಗ್ರಾಹಕ ಏರಿಸುವಂತಹದು. ಎಚ್ಚರ ಮೂಡಿಸುವಲ್ಲಿ ಎ2ಎ ಗ್ರಾಹಕದ ತಡೆಯೇ ಮುಖ್ಯವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ಸ್ಟ್ರಯೇಟಮ್ ಎಂಬ ಭಾಗದ ಆ ಗ್ರಾಹಕವುಳ್ಳ ನರಕೋಶಗಳಲ್ಲಿ ಕೆಫೀನ್‌ನಿಂದ ಸೈಕ್ಲಿಕ್ ಎಎಂಪಿ ಇಳಿಯುತ್ತದೆ, ಪುಸ್ತಕದಲ್ಲಿ ಬರೆದಿರುವುದಕ್ಕೆ ತದ್ವಿರುದ್ಧವಾಗಿ.